ಸಾಧ್ವಿಯ ಬಾಯಿ

ನಮ್ಮ ಲ್ಯಾಬಿನಲ್ಲಿ ಸಾಧ್ವಿ ಎಂದರೆ ಹೆಂಗಸಲ್ಲ, ಫ್ಲಾಸ್ಕು. ಯಾವುದೋ ಕಾಲದಲ್ಲಿ ಯಾರೋ ಒಬ್ಬಾಕೆಯ ಶ್ವಾಸಕೋಶದಿಂದ ತೆಗೆದ ಜೀವಕೋಶಗಳು ಆಕೆ ಹೋದಮೇಲೂ ಹೋಗದೆ, ಪ್ಲಾಸ್ಟಿಕ್ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು, ಗುಲಾಬಿ ಬಣ್ಣದ ನೀರು ಕುಡಿದುಕೊಂಡು ಬೆಳೆಯುತ್ತಲೇ ಇವೆ. ಯಾವ ವೈರಸ್ಸು ತಂದು ಹಾಕಿದರೂ ತಕರಾರಿಲ್ಲ. ಬಂದವರಿಗೆಲ್ಲ ಬಾಗಿಲು, ಕೂತವರಿಗೆಲ್ಲ ಮಣೆ. ಅದಕ್ಕೇ ಲ್ಯಾಬು ಕಟ್ಟಿದ ಹಿರಿಯರು ಆ ಹೆಸರಿಟ್ಟರಂತೆ. ಹೆಸರಿಟ್ಟವರು ಗಂಡಸು ಎಂದು ಬೇರೆ ಹೇಳಬೇಕಾಗಿಲ್ಲ.

ಸಾಧ್ವಿಯನ್ನು ನಾವು ಕೊಳ್ಳುವುದಿಲ್ಲ, ಕೋಶಗಳನ್ನು ಹೆಪ್ಪುಗಟ್ಟಿಸಿ ಇಡುವ ಶೀತಲ ಡ್ರಮ್ಮಿನಿಂದ ತೆಗೆದು ಕರಗಿಸುವುದೂ ಇಲ್ಲ. ಕೈಯಿಂದ ಕೈಗೆ ಕೊಡುತ್ತೇವೆ. ಹಿರಿಯರು ಮೇಡಂಗೆ ಕೊಟ್ಟರು. ಮೇಡಂ ಲ್ಯಾಬಿಗೆ ಸೇರಿದ ಪ್ರತಿ ವಿದ್ಯಾರ್ಥಿಗೂ ತಾವೇ ಕೈಗವಸು ತೊಟ್ಟು, ತಮ್ಮ ಫ್ಲಾಸ್ಕಿನಿಂದ ಒಂದು ಪಾಲು ಸುರಿದು, ಹೆಪ್ಪು ಕೊಡುವ ಹಾಗೆ ಕೊಡುತ್ತಾರೆ. ಆಗ ಹೇಳುವ ಮಾತು ಒಂದೇ: "ನನ್ನ ಕೈಯಲ್ಲಿ ಇವಳು ಒಂದು ಸಲವೂ ಸತ್ತಿಲ್ಲ. ನಿನ್ನ ಕೈಗುಣ ಹೇಗಿದೆಯೋ ನೋಡೋಣ." ಕೋಶ ಸಾಯಿಸಿಕೊಂಡವರು ಮತ್ತೆ ಮೇಡಂ ಬಾಗಿಲಿಗೇ ಹೋಗಿ ತಲೆ ತಗ್ಗಿಸಿ ನಿಲ್ಲಬೇಕು. ಹಳೆಯ ಸೀಸೆಯಿಂದ ಕರಗಿಸಿ ಬೆಳೆಸಿಕೊಂಡರೆ ಅದು ಮೇಡಂ ಕೈಗುಣಕ್ಕೆ ಅವಮಾನ. ನಾನು ಬಂದ ಹೊಸದರಲ್ಲಿ ಈ ಮಾತನ್ನು ಮೇಡಂ ದನಿಯಲ್ಲೇ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು, ಟೀ ಕುಡಿಯುವ ಕೋಣೆಯಲ್ಲಿ ಎಲ್ಲರಿಗೂ ಹೇಳಿ ತೋರಿಸಿದ್ದೆ. ನಗುತ್ತಿದ್ದವರೆಲ್ಲ ಒಮ್ಮೆಲೇ ನಗು ನಿಲ್ಲಿಸಿದರು. ಮೇಡಂ ಹಿಂದೆ ನಿಂತಿದ್ದರು. "ಪರವಾಗಿಲ್ಲ, ನನಗಿಂತ ಚೆನ್ನಾಗಿ ಹೇಳ್ತೀಯ" ಎಂದು ಟೀ ತೆಗೆದುಕೊಂಡು ಹೋದರು. ಅಂದಿನಿಂದ ನನ್ನ ಹೆಸರು ಗಿಳಿ.

ಇಷ್ಟೆಲ್ಲ ನಾವು ಮಾಡುತ್ತಿದ್ದುದು ಒಂದು ವೈರಸ್ಸಿಗಾಗಿ. ಅದರ ಅಡ್ಡಹೆಸರು ಸೋಮಾರಿ. ಸಾಮಾನ್ಯ ವೈರಸ್ಸುಗಳು ಮನೆಗೆ ನುಗ್ಗಿ, ದೋಚಿ, ಮನೆಗೇ ಬೆಂಕಿಯಿಟ್ಟು ಹೊರಡುತ್ತವೆ. ಸೋಮಾರಿ ಹಾಗಲ್ಲ. ಒಳಗೆ ಬಂದು ಚಾಪೆ ಹಾಸಿ ಮಲಗುತ್ತಾನೆ. ಕೋಶವೂ ಬದುಕಿರುತ್ತದೆ, ಅವನೂ ಇರುತ್ತಾನೆ. ಹೋಗುವ ಮಾತೇ ಇಲ್ಲ.

ಇಷ್ಟು ದಿನ ಉಳಿದುಕೊಂಡರೂ ಅವನು ಹೇಗೆ ಸಿಕ್ಕಿಬೀಳುವುದಿಲ್ಲ ಎಂಬುದೇ ಪ್ರಶ್ನೆ. ಯಾಕೆಂದರೆ ಕೋಶ ದಡ್ಡ ಅಲ್ಲ. ರಕ್ತದ ಸೈನ್ಯ ಎಚ್ಚೆತ್ತು, ಶತ್ರುವಿನ ಮುಖ ಕಲಿತು, ಹೊರಟು ಬರುವುದಕ್ಕೆ ಎಷ್ಟೋ ದಿನ ಬೇಕು. ಅಲ್ಲಿಯವರೆಗೆ ಪ್ರತಿ ಕೋಶವೂ ತನ್ನ ಮನೆ ತಾನೇ ಕಾಯುತ್ತದೆ. ಒಳಗೆ ಕಾವಲಿನ ಪ್ರೋಟೀನುಗಳಿವೆ. ಮನೆಯದಲ್ಲದ ಆರ್‌ಎನ್‌ಎ ಕಂಡರೆ ಮುಟ್ಟಿ ನೋಡಿ ಗುರುತಿಸುತ್ತವೆ. ಆಗ ಕೋಶ ಕೂಗುತ್ತದೆ. ಆ ಕೂಗಿನ ಹೆಸರು ಇಂಟರ್‌ಫೆರಾನ್. ಪಕ್ಕದ ಕೋಶ ಅದನ್ನು ಕೇಳಿಸಿಕೊಳ್ಳುತ್ತದೆ. ಅದರೊಳಗಿನ ಒಬ್ಬ ಓಲೆಕಾರ ಪ್ರೋಟೀನು ಓಡಿಹೋಗಿ ನ್ಯೂಕ್ಲಿಯಸ್ಸಿಗೆ ಸುದ್ದಿ ಮುಟ್ಟಿಸುತ್ತಾನೆ. ಅಲ್ಲಿ ನೂರಾರು ಜೀನುಗಳು ಎದ್ದು ಬಾಗಿಲು ಭದ್ರಪಡಿಸುತ್ತವೆ. ಓಲೆಕಾರ ಸತ್ತರೆ ಕೂಗು ಬರೀ ಸದ್ದು.

ಸೋಮಾರಿ ಆ ಓಲೆಕಾರನನ್ನೇ ಮುಗಿಸುತ್ತಾನೆ ಎಂದು ಮೇಡಂ ತೋರಿಸಿದ್ದರು. ಸೋಮಾರಿ ಹೊಕ್ಕ ಸಾಧ್ವಿಯಲ್ಲಿ ಓಲೆಕಾರನ ಸುಳಿವೇ ಇರುವುದಿಲ್ಲ. ಮೇಡಂ ಹೆಸರು ಮಾಡಿದ್ದು ಅದರಿಂದ. ನನಗಿಂತ ಹಿರಿಯನಾದ ಗಡಿಯಾರ ಎಂಬವನ ಡಾಕ್ಟರೇಟು ಅದರ ಮೇಲೆ. ಅವನು ಬೆಳಿಗ್ಗೆ ಬಾಗಿಲಿಗೆ ಕೈ ಹಾಕಿದ ಮೇಲೆ ನಾವು ನಮ್ಮ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆವು, ಅಷ್ಟು ನಿಯಮ. ಅವರಿಬ್ಬರೂ ಕಟ್ಟಿದ ಮನೆಯ ಮೇಲೆ ಮಹಡಿ ಎಬ್ಬಿಸುವ ಕೆಲಸ ನನ್ನದು: ಸೋಮಾರಿಯ ಯಾವ ಪ್ರೋಟೀನು ಓಲೆಕಾರನನ್ನು ಕೊಲ್ಲುತ್ತದೆ ಎಂದು ಕಂಡುಹಿಡಿದು ಪೀಎಚ್‌ಡಿ ಎಂಬ ಪೀಡೆಯಿಂದ ಪಾರಾಗುವುದು.

ಸೋಮಾರಿಯ ಪ್ರೋಟೀನುಗಳನ್ನು ಒಂದೊಂದಾಗಿ ಸಾಧ್ವಿಯೊಳಗೆ ಬಿಟ್ಟು ನೋಡಿದೆ. ಮೊದಲನೆಯದನ್ನು ಬಿಟ್ಟೆ, ಓಲೆಕಾರ ಮಾಯ. ಎರಡನೆಯದು ಬಿಟ್ಟೆ, ಮಾಯ. ವೈರಸ್ಸಿನ ಕೋಟು ಹೊಲಿಯುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಪಾಪದ ಪ್ರೋಟೀನನ್ನು ಬಿಟ್ಟೆ, ಆಗಲೂ ಮಾಯ. ಯಾರನ್ನು ಹಿಡಿದು ನಿಲ್ಲಿಸಿದರೂ ಕಳ್ಳ. ಮೇಡಂಗೆ ಖುಷಿಯೋ ಖುಷಿ. "ಸೋಮಾರಿಗೆ ಎಷ್ಟು ಕೈಗಳಿವೆ ನೋಡು. ಬರಿ, ಬೇಗ ಬರಿ." ನನಗೆ ಮಾತ್ರ ಒಳಗೊಳಗೇ ಇರುಸುಮುರುಸು. ಊರಲ್ಲಿ ಎಲ್ಲರೂ ಕಳ್ಳರೆಂದು ಪೋಲೀಸಿನವನು ಹೇಳಿದರೆ ಮೊದಲು ಪೋಲೀಸಿನವನ ಜೇಬು ನೋಡಬೇಕು ಅನ್ನಿಸುತ್ತದಲ್ಲ, ಹಾಗೆ.

ಒಂದು ದಿನ ಜೆಲ್ಲಿನಲ್ಲಿ ಒಂದು ಲೇನ್ ಖಾಲಿ ಉಳಿಯಿತು. ಜೆಲ್ ಎಂದರೆ ಕೋಶದ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಓಡಿಸುವ ಹಾಳೆ. ಒಂದೊಂದು ಮಾದರಿಗೂ ಒಂದೊಂದು ಲೇನ್. ಹುಡುಕುತ್ತಿರುವ ಪ್ರೋಟೀನು ಇದ್ದರೆ ಅಲ್ಲಿ ಕಪ್ಪಗೆ ಒಂದು ಬ್ಯಾಂಡ್ ಮೂಡುತ್ತದೆ. ಬಸ್ಸಿನಲ್ಲಿ ಖಾಲಿ ಸೀಟು ಕಂಡರೆ ನನ್ನಿಂದ ಸುಮ್ಮನೆ ನಿಲ್ಲುವುದಾಗುವುದಿಲ್ಲ. ಏನೂ ಹಾಕದ ಬರೀ ಸಾಧ್ವಿಯನ್ನು ಅಲ್ಲಿ ಕೂರಿಸಿದೆ. ಲ್ಯಾಬಿನಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ಬರೀ ಸಾಧ್ವಿಯಲ್ಲಿ ಓಲೆಕಾರ ಗಟ್ಟಿಮುಟ್ಟಾಗಿದ್ದಾನೆ ಎಂದು ಹಿರಿಯರೇ ಹಿಂದೆ ತೋರಿಸಿದ್ದರು. ಆಮೇಲೆ ಬರೆದವರೆಲ್ಲ "ಹಿಂದೆ ತೋರಿಸಿದಂತೆ" ಎಂದು ಬರೆದು ಮುಂದೆ ಹೋಗುತ್ತಿದ್ದರು.

ಬ್ಯಾಂಡ್ ಬರಲಿಲ್ಲ. ದಿಬ್ಬಣ ಬಂದು ನಿಂತಿದೆ, ಬ್ಯಾಂಡಿನವರೇ ಇಲ್ಲ ಅನ್ನುವ ಹಾಗೆ ಆ ಜಾಗ ಬೆಳ್ಳಗಿತ್ತು.

ಕೈ ತಪ್ಪಿರಬೇಕು ಎಂದುಕೊಂಡೆ. ಮತ್ತೆ ಮಾಡಿದೆ. ಬೆಳ್ಳಗೇ ಬಂತು. ಅಂಗಡಿಯಿಂದ ಬಂದ ಶುದ್ಧ ಇಂಟರ್‌ಫೆರಾನ್ ಅನ್ನೇ ಸಾಧ್ವಿಯ ಕಿವಿಯಲ್ಲಿ ಸುರಿದೆ. ಒಂದು ಜೀನೂ ಕಣ್ಣು ಬಿಡಲಿಲ್ಲ. ಸೋಮಾರಿ ಇಲ್ಲ, ಅವನ ನೆಂಟರೂ ಇಲ್ಲ, ಆದರೂ ಓಲೆಕಾರ ಇಲ್ಲ. ಹೋಲಿಸಿ ನೋಡಲು ಇಡುವ ಕಂಟ್ರೋಲೇ ಕಂಟ್ರೋಲು ತಪ್ಪಿತ್ತು. ಅಂದರೆ ಇಷ್ಟು ವರ್ಷ ನಾವು ಸೋಮಾರಿಯ ಮೇಲೆ ಕೊಲೆಯ ಕೇಸು ಹಾಕಿ ಓಡಾಡುತ್ತಿದ್ದೆವು. ಅವನು ಮನೆಗೆ ಬರುವ ಮೊದಲೇ ಹೆಣ ಬಿದ್ದಾಗಿತ್ತು.

ಹಾಗಾದರೆ ಹಿರಿಯರು ನೋಡಿದ ಓಲೆಕಾರ ಎಲ್ಲಿ ಹೋದ? ಊಟದ ಹೊತ್ತಿನಲ್ಲಿ, ಎಲ್ಲರೂ ಕೆಳಗೆ ಹೋಗಿದ್ದಾಗ, ದಪ್ಪ ಕೈಗವಸು ತೊಟ್ಟು ಶೀತಲ ಡ್ರಮ್ಮಿನ ಮುಚ್ಚಳ ತೆಗೆದೆ. ಹೊಗೆಯ ತಳದಲ್ಲಿ, ಯಾರೂ ಮುಟ್ಟದ ಅರೆಯಲ್ಲಿ, ಹಿರಿಯರ ಕೈಬರಹದ ಚೀಟಿಯಿದ್ದ ಸೀಸೆಗಳು ಸಿಕ್ಕವು. ಒಂದನ್ನು ಕರಗಿಸಿ ಬೆಳೆಸಿದೆ. ಮೊದಲು ಮುನಿಸಿಕೊಂಡ ಹಾಗಿದ್ದವಳು ನಿಧಾನಕ್ಕೆ ತಳಕ್ಕೆ ಅಂಟಿ ಕೈಕಾಲು ಚಾಚಿದಳು. ಈ ಹಳೆಯ ಸಾಧ್ವಿಯನ್ನು ಜೆಲ್ಲಿನಲ್ಲಿ ಓಡಿಸಿದೆ. ಓಲೆಕಾರ ಇದ್ದ, ಕಾಡಿಗೆ ತೀಡಿದ ಹಾಗೆ ಕಪ್ಪಗೆ. ಇಂಟರ್‌ಫೆರಾನ್ ಹಾಕಿದೆ, ಜೀನುಗಳು ದಡಬಡಿಸಿ ಎದ್ದವು. ಅವಳು ಹುಟ್ಟಾ ಸಾಧ್ವಿಯಲ್ಲ. ನಡುವೆ ಯಾರೋ ಬಾಯಿಗೆ ಬಟ್ಟೆ ತುರುಕಿದ್ದರು.

ಯಾರೆಂದು ತಿಳಿಯುವುದು ಸುಲಭವಾಗಿತ್ತು. ವೈರಸ್ಸುಗಳಲ್ಲಿ ಒಂದು ಮನೆತನವಿದೆ. ಅವು ಸದ್ದಿಲ್ಲದೆ ಕೋಶದೊಳಗೆ ವರ್ಷಗಟ್ಟಲೆ ಇರುತ್ತವೆ, ಓಲೆಕಾರನಿಗೆ ಕಸದ ಚೀಟಿ ಅಂಟಿಸಿ ಕೋಶದ ಕಸದ ಯಂತ್ರಕ್ಕೇ ನೂಕುತ್ತವೆ. ಆದರೆ ಅವುಗಳಿಗೊಂದು ಚಟ. ತಮ್ಮ ಒಂದು ಪ್ರೋಟೀನನ್ನು ಕೋಶದ ಹೊರಗೋಡೆಯ ಮೇಲೆ ನೇತುಹಾಕುತ್ತವೆ, ಮತ್ತು ಆ ಪ್ರೋಟೀನಿಗೆ ಕೆಂಪು ರಕ್ತಕಣ ಕಂಡರೆ ಹಿಡಿದುಕೊಳ್ಳುವ ಸ್ವಭಾವ. ಪಕ್ಕದ ಲ್ಯಾಬಿನಿಂದ ಗಿನಿಪಿಗ್ ರಕ್ತ ಬೇಡಿ ತಂದೆ. ಹಳೆಯ ಸಾಧ್ವಿಯ ಮೇಲೆ ಸುರಿದು ತೊಳೆದರೆ ಕಣಗಳೆಲ್ಲ ಉರುಳಿ ಹೋದವು. ಮೇಡಂ ಕೈಯಾರೆ ಕೊಟ್ಟ ನನ್ನ ಸಾಧ್ವಿಯ ಮೇಲೆ ಸುರಿದು ತೊಳೆದೆ. ಸೂಕ್ಷ್ಮದರ್ಶಕದಲ್ಲಿ ಪ್ರತಿ ಕೋಶವೂ ಕೆಂಪು ಮಣಿಗಳ ಸರ ಹಾಕಿಕೊಂಡು ಕೂತಿತ್ತು.

ಒಳಗೊಬ್ಬ ಅತಿಥಿ ಇದ್ದ. ಹಿಂದೊಮ್ಮೆ ಅದೇ ಮೇಜಿನಲ್ಲಿ ಬೇರೆಯವರ ಕೋತಿ ಕೋಶಗಳೂ ಬೆಳೆಯುತ್ತಿದ್ದವಂತೆ, ಅಲ್ಲಿಂದ ಹಾರಿರಬೇಕು. ಕೋಶ ಸಾಯಿಸುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಆಮೇಲೆ ಮೇಡಂ ಪ್ರತಿ ವಿದ್ಯಾರ್ಥಿಗೂ ಪ್ರೀತಿಯಿಂದ ಅವನನ್ನೇ ಹಂಚಿದ್ದಾರೆ. ಕೈಗುಣ.

ಮೊದಲು ಹೇಳಿದ್ದು ಗಡಿಯಾರನಿಗೆ. ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನು ತೆಗೆಯಲೇ ಇಲ್ಲ.

"ಗಡಿಯಾರಣ್ಣ, ನಿಂತು ಹೋದೆಯಾ?"

"ತಮಾಷೆ ಮಾಡಬೇಡ ಕಣೇ ಗಿಳಿ." ತಲೆ ಎತ್ತಿದಾಗ ಮುಖ ಬಿಳಿಚಿಕೊಂಡಿತ್ತು. "ಯಾರಿಗೆ ಹೇಳಿದೀಯ?"

"ನಿನಗೇ ಮೊದಲು."

"ನನಗೇ ಕೊನೆ ಮಾಡು. ಮುಂದಿನ ತಿಂಗಳು ನಾನು ಹೊಸ ಕೆಲಸಕ್ಕೆ ಸೇರಬೇಕು. ಆ ಕೆಲಸ ಕೊಟ್ಟಿದ್ದೇ ಓಲೆಕಾರನ ಕತೆ ಕೇಳಿ. ಅವರ ಮುಂದೆ ಹೋಗಿ ಕ್ಷಮಿಸಿ, ಕೊಂದಿದ್ದು ಬೇರೆಯವನು ಅನ್ನಲಾ?"

"ಅನ್ನು. ಪೋಲೀಸಿನವರೂ ಅಂತಾರೆ."

"ನಿನಗೇನು, ನಾಲಿಗೆ ಇದೆ. ಯಾರ ದನಿಯಲ್ಲಿ ಬೇಕಾದರೂ ಮಾತಾಡಿ ಬದುಕ್ತೀಯ. ನನಗಿರೋದು ಒಂದೇ ಪೇಪರ್."

ಅವನ ಮೇಲೆ ಸಿಟ್ಟು ಬರಲಿಲ್ಲ. ಅದೇ ಪೇಪರಿನ ಮಹಡಿಯ ಮೇಲೆ ನಾನೂ ನಿಂತಿದ್ದೆನಲ್ಲ. ಬಿದ್ದರೆ ಇಬ್ಬರೂ ಬೀಳುವುದು. ಅವನಾದರೂ ಮನೆ ಕಟ್ಟಿ ಮುಗಿಸಿದ್ದ, ನನ್ನದಿನ್ನೂ ಗಾರೆ ಹಸಿ.

ಮೇಡಂ ಕೋಣೆಗೆ ಹೋದಾಗ ಅವರು ಮರುದಿನದ ನನ್ನ ಸೆಮಿನಾರಿನ ಸ್ಲೈಡುಗಳನ್ನೇ ತಿದ್ದುತ್ತಿದ್ದರು. ಥೀಸಿಸ್ ಒಪ್ಪಿಸುವ ಮೊದಲು ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಒಂದು ಸೆಮಿನಾರ್; ಅದು ಸರಿಹೋದರೆ ಗೈಡಿನ ಸಹಿ; ಸಹಿಯಾದರೆ ಬಿಡುಗಡೆ. ನಾನು ಜೆಲ್ಲಿನ ಚಿತ್ರ ಮೇಜಿನ ಮೇಲಿಟ್ಟೆ, ರಕ್ತಕಣದ ಚಿತ್ರವನ್ನೂ ಇಟ್ಟೆ. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಈ ಲೇನ್ ಯಾಕೆ ಹಾಕಿದೆ?"

"ಖಾಲಿ ಇತ್ತು ಮೇಡಂ."

"ಖಾಲಿ ಇದ್ದದ್ದನ್ನೆಲ್ಲ ತುಂಬಬೇಕು ಅಂತ ಯಾರು ಹೇಳಿದ್ದು?"

ನಾನು ರಕ್ತಕಣದ ಚಿತ್ರವನ್ನು ಅವರ ಕಡೆ ಸರಿಸಿದೆ.

"ನೋಡು. ನಿನ್ನ ಫ್ಲಾಸ್ಕಿಗೆ ಏನೋ ಸೇರಿಕೊಂಡಿದೆ. ನೀನು ಪಕ್ಕದ ಲ್ಯಾಬಿಗೆಲ್ಲ ಹೋಗಿ ಹರಟೆ ಹೊಡೀತೀಯ, ಅಲ್ಲಿಂದ ತಂದಿರ್ತೀಯ. ಬ್ಲೀಚ್ ಹಾಕಿ ಚೆಲ್ಲು. ನನ್ನ ಫ್ಲಾಸ್ಕಿನಿಂದ ಹೊಸದು ಕೊಡ್ತೀನಿ."

"ನಿಮ್ಮದನ್ನೂ ಒಂದು ಸಲ ನೋಡೋಣ ಮೇಡಂ. ಒಂದು ಹನಿ ರಕ್ತ ಸಾಕು."

ಮೇಡಂ ಕೆಟ್ಟವರಲ್ಲ. ನನಗೆ ಜ್ವರ ಬಂದು ಮಲಗಿದ್ದಾಗ ನನ್ನ ಕೋಶಗಳಿಗೆ ನೀರು ಬದಲಿಸಿದ್ದು ಅವರೇ. ಅವರ ಮುಖದಲ್ಲಿ ಸಿಟ್ಟು ಕಂಡಿದ್ದರೆ ಸುಲಭವಿತ್ತು, ಕಂಡದ್ದು ಭಯ. ಅದು ಸರಿದುಹೋಗಿ ದನಿ ಮೆತ್ತಗಾಯಿತು.

"ಗಿಳಿ, ನಿನ್ನ ಬಾಯಲ್ಲಿ ನನ್ನ ಮಾತು ಎಷ್ಟು ಚೆನ್ನಾಗಿ ಬರುತ್ತೆ ಅಂತ ನನಗೆ ಗೊತ್ತು. ನಾಳೆಯೂ ಅಷ್ಟೇ ಮಾಡು. ಸೋಮಾರಿ ಬಂದ ಮೇಲೆ ಓಲೆಕಾರ ಹೋಗ್ತಾನೆ. ಒಂದೇ ವಾಕ್ಯ. ಆ ಲೇನ್ ಕತ್ತರಿಸಿ ತೆಗಿ. ಸಂಜೆ ನಾನು ಸಹಿ ಮಾಡ್ತೀನಿ. ಆಮೇಲೆ ನಿಧಾನಕ್ಕೆ, ನಾವು ನಾವೇ, ಇದೇನು ಅಂತ ನೋಡಿಕೊಳ್ಳೋಣ."

"ಅಲ್ಲಿವರೆಗೆ ಉಳಿದವರು ನಂಬಿಕೊಂಡು ಕೂತಿರಲಿ ಅಂತೀರಾ?"

"ಕೂಗಾಡಿದರೆ ಲ್ಯಾಬು ಮುಚ್ಚುತ್ತೆ. ಅಷ್ಟೇ ನಾನು ಹೇಳೋದು."

ಮನೆಗೆ ಬಂದೆ. ಮನೆಯೆಂದರೆ ನಾನು, ಅಕ್ಕ, ರೈಲು ಹಳಿಯ ಕಡೆಗೆ ತೆರೆಯುವ ಒಂದು ಕಿಟಕಿ. ಅಕ್ಕ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವವಳು. ಮನೆಯಲ್ಲಿ ಅವಳ ದನಿ ಹರಿದ ಚೀಲ. ಮೈಕಿನ ಮುಂದೆ ರೇಷ್ಮೆ. ಅಂದು ಅವಳ ತುಟಿಯ ಮೂಲೆಯಲ್ಲಿ ಗುಳ್ಳೆ ಎದ್ದಿತ್ತು. ಆ ಗುಳ್ಳೆಯ ವೈರಸ್ಸು ಅವಳು ಚಿಕ್ಕವಳಿದ್ದಾಗ ಬಂದದ್ದು ನರದ ಬುಡದಲ್ಲಿ ಮಲಗಿಬಿಟ್ಟಿದೆ. ಅವಳಿಗೆ ತಲೆಬಿಸಿಯಾದಾಗಲೆಲ್ಲ ಎದ್ದು ತುಟಿಗೆ ಬಂದು ಮೈಮುರಿಯುತ್ತದೆ.

"ನಿನ್ನ ಸೆಮಿನಾರಿಗೆ ನನ್ನ ತುಟಿ ಹೆದರಿಕೊಂಡಿದೆ ನೋಡೇ" ಎಂದಳು. "ಎಲ್ಲ ತಯಾರಾಯ್ತಾ?"

ನಡೆದದ್ದೆಲ್ಲ ಹೇಳಿದೆ. ಮೇಡಂ ದನಿಯಲ್ಲಿ ಮೇಡಂ, ಗಡಿಯಾರನ ದನಿಯಲ್ಲಿ ಗಡಿಯಾರ. ಅಕ್ಕ ಮೊದಲು ನಕ್ಕಳು, ಆಮೇಲೆ ತಟ್ಟೆ ಪಕ್ಕಕ್ಕಿಟ್ಟಳು.

"ಒಂದು ಲೇನ್ ತಾನೇ. ತೆಗೆದುಬಿಡೇ. ನಾನು ದಿನಾ ಎಷ್ಟು ಸುಳ್ಳು ಹೇಳ್ತೀನಿ ಗೊತ್ತಾ? 'ರೈಲು ಸ್ವಲ್ಪ ತಡವಾಗಿ ಆಗಮಿಸಲಿದೆ.' ಅದು ಇನ್ನೂ ಹೊರಟೇ ಇರಲ್ಲ."

"ನೀನು ಹೇಳಿದ್ದಕ್ಕೆ ಯಾರೂ ಇನ್ನೊಂದು ಹಳಿ ಹಾಕಲ್ಲ ಅಕ್ಕ. ನಮ್ಮ ಮಾತಿನ ಮೇಲೆ ಹಾಕ್ತಾರೆ. ಯಾರೋ ಓದಿ, ಸೋಮಾರಿ ಓಲೆಕಾರನನ್ನು ಕೊಲ್ತಾನೆ ಅಂತ ನಂಬಿ, ಅದಕ್ಕೆ ಔಷಧಿ ಹುಡುಕೋಕೆ ಹೊರಡ್ತಾರೆ. ಇಲ್ಲದ ರೈಲಿಗೆ ಕಾಯ್ತಾರೆ."

"ತೆಗೀದಿದ್ರೆ?"

"ಸಹಿ ಇಲ್ಲ. ಮೊದಲಿನಿಂದ."

ಅಕ್ಕ ತುಟಿ ಮುಟ್ಟಿಕೊಂಡಳು. "ನಿನ್ನ ಮೊದಲು ಎಲ್ಲಿಂದ ಶುರುವಾಗುತ್ತೋ ನನಗಂತೂ ತಿಳಿಯಲ್ಲ. ಆದರೆ ಒಂದು ಹೇಳ್ತೀನಿ, ನಾಳೆ ಯಾರ ದನಿಯಲ್ಲೂ ಮಾತಾಡಬೇಡ. ನಿನ್ನದು ಹೇಗಿದೆ ಅಂತ ನಾನೇ ಕೇಳಿ ಕಾಲ ಆಯ್ತು."

ಸೆಮಿನಾರ್ ಹಾಲಿನಲ್ಲಿ ಹಿರಿಯರು ಗೋಡೆಯ ಮೇಲಿದ್ದರು, ಚೌಕಟ್ಟಿನೊಳಗೆ. ಕೆಳಗೆ ಮೇಡಂ, ಅವರ ಪಕ್ಕ ಹೊರಗಿನಿಂದ ಬಂದ ಪರೀಕ್ಷಕರು, ಹಿಂದೆ ಗಡಿಯಾರ. ಪರೀಕ್ಷಕರು ಸಣಕಲು ಮನುಷ್ಯ, ಬಿಸ್ಕತ್ತನ್ನು ಎರಡು ಮಾಡಿ, ಅರ್ಧ ತಿಂದು, ಇನ್ನರ್ಧವನ್ನು ಪರೀಕ್ಷೆಗೆ ಒಳಪಡಿಸುವ ಹಾಗೆ ನೋಡುತ್ತಿದ್ದರು. ನಾನು ಮೊದಲ ಸ್ಲೈಡಿನಿಂದ ಸರಾಗವಾಗಿ ಬಂದೆ. ಸೋಮಾರಿ ಯಾರು, ಇಂಟರ್‌ಫೆರಾನ್ ಏನು, ಓಲೆಕಾರ ಏನು ಮಾಡುತ್ತಾನೆ. ಮೇಡಂ ತಲೆಯಾಡಿಸುತ್ತಿದ್ದರು. ಆಮೇಲೆ ಆ ಜೆಲ್ ಬಂತು. ಇಡೀ ಜೆಲ್, ಕೊನೆಯ ಲೇನ್ ಸಮೇತ.

ಗಂಟಲಲ್ಲಿ ಎಷ್ಟೊಂದು ಜನರ ದನಿ ತುಂಬಿಕೊಂಡಿತ್ತು ಎಂದರೆ ನನ್ನದನ್ನು ಹುಡುಕಿ ಎಳೆಯಬೇಕಾಯಿತು. ಸಿಕ್ಕಾಗ ಅದು ತೀರ ಸಾಧಾರಣವಾಗಿತ್ತು.

"ಈ ಕೊನೆಯ ಲೇನ್‌ನಲ್ಲಿ ಸೋಮಾರಿ ಇಲ್ಲ. ಆದರೂ ಓಲೆಕಾರ ಇಲ್ಲ. ಆದ್ದರಿಂದ ಇದಕ್ಕೆ ಮುಂಚಿನ ಯಾವ ಲೇನ್‌ಗೂ ಅರ್ಥ ಇಲ್ಲ. ನನ್ನ ಥೀಸಿಸ್ಸಿನ ಮೊದಲ ಅಧ್ಯಾಯಗಳಿಗೂ ಇಲ್ಲ."

ಮೇಡಂ ಕುರ್ಚಿಯಲ್ಲೇ ನೆಟ್ಟಗಾದರು. "ಈ ಸ್ಲೈಡ್ ನಾನು ನೋಡಿಲ್ಲ."

"ನೋಡಿದ್ದೀರಿ ಮೇಡಂ. ತೆಗಿ ಅಂದಿರಿ."

ಹಾಲಿನಲ್ಲಿ ಯಾರೋ ಕೆಮ್ಮಲು ಹೋಗಿ ನುಂಗಿಕೊಂಡರು.

"ಸಮಯ ಆಗಿದೆ, ಕೂತ್ಕೋ" ಎಂದರು ಮೇಡಂ.

"ಇನ್ನೂ ಸ್ಲೈಡ್ ಇವೆ ಮೇಡಂ. ಮುಗಿಸಿ ಕೂರ್ತೀನಿ."

"ನಾನು ಗೈಡು. ಕೂತ್ಕೋ ಅಂತ ಹೇಳ್ತಿದ್ದೀನಿ."

"ಕೇಳಿಸ್ತು ಮೇಡಂ. ಸಾಧ್ವಿಗೂ ಕೇಳಿಸ್ತಿತ್ತು, ಹೇಳೋಕೆ ಆಗ್ತಿರಲಿಲ್ಲ. ನನಗೆ ಆಗುತ್ತೆ."

ಮುಂದಿನ ಸ್ಲೈಡ್ ಒತ್ತಿದೆ. ಹಳೆಯ ಸಾಧ್ವಿ, ಕಪ್ಪು ಬ್ಯಾಂಡ್. ಅದರ ಮುಂದಿನದು, ಕೆಂಪು ಮಣಿ ತೊಟ್ಟ ಕೋಶಗಳು. ಪರೀಕ್ಷಕರು ಅರ್ಧ ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟರು.

"ಇದು ನಿಮ್ಮೊಬ್ಬರ ಫ್ಲಾಸ್ಕಿನ ಕತೆಯೋ, ಲ್ಯಾಬಿನದೋ?"

"ಲ್ಯಾಬಿನದು ಅಂತ ನನ್ನ ಅನುಮಾನ ಸರ್. ಎಲ್ಲರಿಗೂ ಕೋಶ ಒಂದೇ ಕೈಯಿಂದ ಬಂದಿದೆ. ಉಳಿದವರದು ನೋಡೋಕೆ ನನಗೆ ಬಿಟ್ಟಿಲ್ಲ."

ಅವರು ಹಿಂದೆ ತಿರುಗಿದರು. "ಬರೀ ಸಾಧ್ವಿಯನ್ನ ಇತ್ತೀಚೆಗೆ ಬೇರೆ ಯಾರಾದರೂ ನೋಡಿದ್ದೀರಾ?"

ಗಡಿಯಾರ ತನ್ನ ಕೈಗಡಿಯಾರ ನೋಡಿಕೊಂಡ. ಬೇರೆ ಯಾರೂ ಏನನ್ನೂ ನೋಡಿಕೊಳ್ಳಲಿಲ್ಲ. ಮೇಡಂ ಎದ್ದು ಹೊರಟರು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಯಾರಿಗೂ ಅಲ್ಲ ಎಂಬಂತೆ, "ನನ್ನ ಸಹಿ ಸಿಗಲ್ಲ" ಎಂದರು. ನಾನು ಉಳಿದ ಸ್ಲೈಡು ಮುಗಿಸಿ, ಧನ್ಯವಾದ ಹೇಳಿ, ಆಮೇಲೆ ಕೂತೆ.

ಮಾರನೆಯ ದಿನ ನನ್ನ ಬೆಂಚಿನ ಮೇಲೆ ಬೇರೆಯವರ ಪೈಪೆಟ್ಟುಗಳು ಕೂತಿದ್ದವು. ಕೋಟು ಹ್ಯಾಂಗರಿನಲ್ಲಿರಲಿಲ್ಲ, ಕುರ್ಚಿಯ ಮೇಲೆ ಮಡಚಿ ಇಟ್ಟಿತ್ತು, ಮರ್ಯಾದೆಯಾಗಿಯೇ ಹೊರಹಾಕಿದ್ದರು. ಹಳೆಯ ಸಾಧ್ವಿ ಮಾತ್ರ ನನ್ನ ಹತ್ತಿರವೇ ಇದ್ದಳು. ಸೆಮಿನಾರಿನ ದಿನವೇ ಪರೀಕ್ಷಕರ ಎದುರಿಗೆ, ಎಲ್ಲರೂ ನೋಡುವ ಹಾಗೆ, ಅವಳನ್ನು ಪಕ್ಕದ ಲ್ಯಾಬಿನ ಇನ್‌ಕ್ಯುಬೇಟರಿಗೆ ಸಾಗಿಸಿದ್ದೆ. ಕದ್ದು ಸಾಗಿಸುವುದೇನಿತ್ತು, ನಾವಿಬ್ಬರೂ ಒಟ್ಟಿಗೇ ಮನೆಬಿಟ್ಟವರು. ಪಕ್ಕದ ಲ್ಯಾಬಿನವರು ನೆಲಮಾಳಿಗೆಯ ಹಳೆಯ ಸ್ಟೋರ್ ರೂಮನ್ನು ಖಾಲಿ ಮಾಡಿಕೊಟ್ಟರು. ಅಲ್ಲಿ ಒಂದು ಮೇಜು, ಒಂದು ಕಣ್ಣಿನ ಗಾಜು ಬಿರುಕುಬಿಟ್ಟ ಸೂಕ್ಷ್ಮದರ್ಶಕ, ಚಾವಣಿಯುದ್ದಕ್ಕೂ ಕೊಳವೆಗಳು. ಮೇಲಿನ ಮಹಡಿಯವರು ಕೈ ತೊಳೆದುಕೊಂಡಾಗಲೆಲ್ಲ ನನ್ನ ತಲೆಯ ಮೇಲೆ ಗಳಗಳ ಸದ್ದು. ನನ್ನಿಂದ ಕೈ ತೊಳೆದುಕೊಂಡವರು ಬಹಳ ಜನ ಇದ್ದರು, ಸದ್ದಿಗೆ ಬಿಡುವಿರಲಿಲ್ಲ.

ಅಲ್ಲಿ ಮೊದಲಿನಿಂದ ಶುರುಮಾಡಿದೆ. ಹಳೆಯ ಸಾಧ್ವಿಯೊಳಗೆ ಸೋಮಾರಿಯನ್ನು ಬಿಟ್ಟೆ. ಅವಳು ಕೂಗಿದಳು. ಓಲೆಕಾರ ಓಡಿದ, ಜೀನುಗಳು ಎದ್ದವು. ಸೋಮಾರಿ ಮೂಲೆ ಸೇರಿದ. ಆದರೆ ಪೂರ್ತಿ ಹೋಗಲಿಲ್ಲ. ಅಷ್ಟು ಗದ್ದಲದ ನಡುವೆಯೂ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಚಾಪೆ ಹಾಸಿಯೇ ಇದ್ದ. ಹಾಗಾದರೆ ಅವನು ಉಳಿಯುವ ಉಪಾಯ ಬೇರೆಯದು, ನಮಗಿನ್ನೂ ಗೊತ್ತಿಲ್ಲದ್ದು. ವರ್ಷಗಳ ಮೇಲೆ ಮೊದಲ ಬಾರಿ ನನ್ನ ಮುಂದೆ ನಿಜವಾದ ಪ್ರಶ್ನೆ ಬಂದು ನಿಂತಿತ್ತು. ಅಕ್ಕನಿಗೆ ಹೇಳಿದೆ. "ಅಂದ್ರೆ ಇನ್ನೂ ತಡ?" ಎಂದಳು. "ರೈಲು ಸ್ವಲ್ಪ ತಡವಾಗಿ ಆಗಮಿಸಲಿದೆ" ಎಂದೆ. ದಿಂಬು ಎಸೆದಳು.

ಒಂದು ಮಧ್ಯಾಹ್ನ ಗಡಿಯಾರ ಮೆಟ್ಟಿಲಿಳಿದು ಬಂದ. ಕೈಯಲ್ಲಿ ಫಾಯಿಲ್ ಸುತ್ತಿದ ಫ್ಲಾಸ್ಕು.

"ಮೇಡಂದು" ಎಂದ. "ನೋಡಬೇಕಂತೆ. ಯಾರಿಗೂ ಹೇಳಬಾರದಂತೆ."

"ನಿನ್ನದು ನೋಡಿಕೊಂಡೆಯಾ?"

ಅವನು ಕೊಳವೆಗಳ ಕಡೆ ನೋಡಿದ. "ನೋಡಿದೆ. ಮಣಿ ಹಾಕಿಕೊಂಡಿತ್ತು. ಹೊಸ ಕೆಲಸದವರಿಗೆ ಬರೆದು ಹಾಕಿದೀನಿ. ಏನು ಅಂತಾರೋ."

ಇದ್ದ ಒಂದೇ ಸ್ಟೂಲನ್ನು ಅವನಿಗೆ ಎಳೆದು ಕೊಟ್ಟೆ. ಫ್ಲಾಸ್ಕನ್ನು ಮುಟ್ಟಲಿಲ್ಲ.

"ಇದನ್ನ ವಾಪಸು ತಗೊಂಡು ಹೋಗು ಅಣ್ಣ. ಮೇಡಂಗೆ ಹೇಳು, ಅವರೇ ತರಲಿ. ಅವರ ಕಣ್ಣೆದುರಿಗೇ ನೋಡ್ತೀನಿ. ಇಲ್ಲದಿದ್ದರೆ ನಾಳೆ ನಾನೇ ಏನೋ ಸೇರಿಸಿದೆ ಅಂತಾರೆ."

"ಲೇ, ಅವರು ಇಲ್ಲಿಗೆ ಬರ್ತಾರಾ? ಸ್ವಲ್ಪ ಮೆತ್ತಗೆ ಮಾತಾಡೋದು ಕಲಿ."

"ಮೆತ್ತಗೇ ಹೇಳಿದೆನಲ್ಲ. ಇನ್ನೂ ಮೆತ್ತಗೆ ಅಂದ್ರೆ ಕೇಳಿಸಲ್ಲ."

ವಾರ ಕಳೆಯಿತು. ಬರುವುದಿಲ್ಲ ಎಂದುಕೊಂಡು ನಾನು ನನ್ನ ಕೆಲಸದಲ್ಲಿ ಮುಳುಗಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಮೇಡಂ ತಲೆ ಬಗ್ಗಿಸಿ ಕೊಳವೆ ತಪ್ಪಿಸಿಕೊಂಡು ಒಳಗೆ ಬಂದರು. ಫ್ಲಾಸ್ಕಿಗೆ ಫಾಯಿಲ್ ಇರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದು ತಂದಿದ್ದರು.

"ಕೂತ್ಕೊಳ್ಳಿ ಮೇಡಂ. ಸ್ಟೂಲ್ ಅಲ್ಲಾಡುತ್ತೆ."

"ನಿಂತೇ ಇರ್ತೀನಿ. ನಿನ್ನ ರಕ್ತ ಬೇಡ. ನಾನೇ ತಂದಿದ್ದೀನಿ."

"ನನ್ನದಲ್ಲ ಮೇಡಂ, ಗಿನಿಪಿಗ್‌ದು."

ನಗಲಿಲ್ಲ. ತಾವೇ ಕೈಗವಸು ತೊಟ್ಟರು. ತಾವೇ ಸುರಿದರು, ಕಾದರು, ತೊಳೆದರು. ಅವರ ಕೈ ಎಂದಿನಂತೆ ಸ್ಥಿರವಾಗಿತ್ತು. ಅಷ್ಟು ಚೆಂದವಾಗಿ ಫ್ಲಾಸ್ಕು ಓರೆ ಮಾಡುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಿರುಕು ಬಿಡದ ಕಣ್ಣಿಗೆ ಕಣ್ಣಿಟ್ಟರು. ಮೇಲೆ ಯಾರೋ ಕೈ ತೊಳೆದರು, ನೀರು ಗಳಗಳ ಹರಿದು ನಿಂತಿತು.

"ಸರಿಯಾಗಿ ತೊಳೆದಿಲ್ಲ ಅನ್ಸುತ್ತೆ" ಎಂದರು. ಮತ್ತೆ ತೊಳೆದರು. ನೋಡಿದರು. ಇನ್ನೊಮ್ಮೆ ತೊಳೆದರು, ಈ ಸಲ ಜೋರಾಗಿ. ಫ್ಲಾಸ್ಕಿನ ತಳ ಕೆಂಪಾಗಿಯೇ ಇತ್ತು. ಕಣ್ಣು ತೆಗೆಯದೆಯೇ ಕೇಳಿದರು: "ನಿನ್ನ ಹಳೇದು ಎಲ್ಲಿ? ಪಕ್ಕದಲ್ಲಿಡು."

ಇಟ್ಟೆ. ಅದೇ ರಕ್ತವನ್ನು ಅದರ ಮೇಲೂ ಸುರಿದು ತೊಳೆದರು, ಕಣಗಳೆಲ್ಲ ಉರುಳಿ ಹೋದವು. ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ಮತ್ತೆ ಮೊದಲಿನದಕ್ಕೆ ಬಂದರು.

"ನಾನು ಇನ್ನೂ ಒಪ್ಪಿಲ್ಲ" ಎಂದರು.

"ಒಪ್ಪಬೇಡಿ ಮೇಡಂ" ಎಂದೆ. "ನೋಡ್ತಾ ಇರಿ."

ಸ್ಟೂಲನ್ನು ಕಾಲಿನಿಂದ ಅವ‌ರ ಹಿಂದಕ್ಕೆ ಸರಿಸಿದೆ. ಅವರು ಕಣ್ಣು ತೆಗೆಯದೆ ಕೂತರು.